ಬಣ್ಣ, ಬೆಳಕು ಮತ್ತು ಕ್ಯಾನ್ಸರ್: ತೊಂಬತ್ತಮೂರು ವರ್ಷ ಕಾದ ಒಂದು ಚಿಕಿತ್ಸೆ

ಮೊದಲು ಒಂದು ಸಣ್ಣ ಪ್ರಯೋಗ ಮಾಡಿ ನೋಡಿ. ರಾತ್ರಿ ಕೋಣೆಯ ದೀಪ ಆರಿಸಿ, ಉರಿಯುತ್ತಿರುವ ಟಾರ್ಚಿನ ಬಾಯಿಯನ್ನು ಅಂಗೈಯಿಂದ ಮುಚ್ಚಿ ಹಿಡಿಯಿರಿ. ಟಾರ್ಚಿನದು ಬಿಳಿಯ ಬೆಳಕು. ಆದರೆ ಬೆರಳುಗಳ ಅಂಚಿನಿಂದ ಹೊರಗೆ ಬರುವುದು ಕೆಂಪು ಬೆಳಕು ಮಾತ್ರ. ನೀಲಿ ಮತ್ತು ಹಸಿರು ಬೆಳಕನ್ನು ನಮ್ಮ ರಕ್ತ, ಮಾಂಸಗಳು ಬೇಗನೆ ಹೀರಿಕೊಂಡು ಬಿಡುತ್ತವೆ. ಕೆಂಪು ಬೆಳಕು ಸ್ವಲ್ಪ ಹೆಚ್ಚು ಆಳಕ್ಕೆ ಹೋಗುತ್ತದೆ. ಮಕ್ಕಳ ಆಟದಂತೆ ಕಾಣುವ ಈ ಸಂಗತಿಯ ಮೇಲೆ ಕ್ಯಾನ್ಸರಿನ ಒಂದು ಚಿಕಿತ್ಸಾ ಪದ್ಧತಿಯೇ ನಿಂತಿದೆ.

ಆ ಪದ್ಧತಿಯ ಹೆಸರು ಫೋಟೊಡೈನಾಮಿಕ್ ಥೆರಪಿ. ಇದರಲ್ಲಿ ರೋಗಿಯ ದೇಹಕ್ಕೆ ಒಂದು ಬಗೆಯ ಬಣ್ಣವನ್ನು ಕೊಡುತ್ತಾರೆ. ಅದು ಕ್ಯಾನ್ಸರ್ ಗಡ್ಡೆಯಲ್ಲಿ ಶೇಖರವಾಗುವವರೆಗೆ ಕಾಯುತ್ತಾರೆ. ನಂತರ ಆ ಜಾಗಕ್ಕೆ ಮಾತ್ರ ಬೆಳಕು ಹಾಯಿಸುತ್ತಾರೆ. ಬಣ್ಣ ಒಂದೇ ಇದ್ದರೆ ಜೀವಕೋಶ ಸಾಯುವುದಿಲ್ಲ, ಬೆಳಕು ಒಂದೇ ಇದ್ದರೂ ಸಾಯುವುದಿಲ್ಲ. ಎರಡೂ ಕೂಡಿದ ಕಡೆ ಮಾತ್ರ ಸಾಯುತ್ತದೆ.

ಕೇಳಲು ಇಷ್ಟು ಸರಳವಾದ ಈ ತತ್ವ 1900ರಲ್ಲಿಯೇ ಜರ್ಮನಿಯಲ್ಲಿ ಅಚ್ಚಾಗಿತ್ತು. ಆದರೆ ಇದರ ಮೊದಲ ಔಷಧಕ್ಕೆ ಸರಕಾರಿ ಮಂಜೂರಾತಿ ದೊರೆತದ್ದು 1993ರಲ್ಲಿ, ಕೆನಡಾದಲ್ಲಿ. ನಡುವಿನ ತೊಂಬತ್ತಮೂರು ವರ್ಷ ಏನಾಯಿತು? ಬೆಳಕಿಗೆ ಬರವಿರಲಿಲ್ಲ, ಬಣ್ಣಕ್ಕೂ ಬರವಿರಲಿಲ್ಲ, ರೋಗಿಗಳಿಗಂತೂ ಎಂದೂ ಬರವಿರಲಿಲ್ಲ. ಹಾಗಿದ್ದರೂ ಇಷ್ಟು ತಡವಾದದ್ದು ಏಕೆಂಬುದನ್ನು ಈ ಲೇಖನದಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ. ವಿಶೇಷವಾಗಿ ವಿಜ್ಞಾನ ಓದುತ್ತಿರುವ ವಿದ್ಯಾರ್ಥಿಗಳು ಇದನ್ನು ಗಮನಿಸಬೇಕೆಂದು ನನ್ನ ಅಪೇಕ್ಷೆ.

ಸಸ್ಯ ಮತ್ತು ಬಿಸಿಲು

ಬೆಳಕಿನಿಂದ ಔಷಧವನ್ನು ಚುರುಕುಗೊಳಿಸುವ ಅನುಭವ ಬಹಳ ಹಳೆಯದು. ತೊನ್ನು ಎಂಬ ಚರ್ಮದ ತೊಂದರೆಗೆ ನಮ್ಮ ದೇಶದಲ್ಲಿ ಬಾವಂಚಿ ಬೀಜವನ್ನು ಅರೆದು ಹಚ್ಚಿ ಬಿಸಿಲಿಗೆ ಕೂರಿಸುವ ಕ್ರಮ ಪ್ರಾಚೀನ ಕಾಲದಿಂದ ಇದೆ. ಯುನಾನಿ ಹಕೀಮರು ಇದನ್ನೇ ಬಾಬ್ಚಿ ಎನ್ನುತ್ತಾರೆ. ಅತ್ತ ಈಜಿಪ್ಟಿನ ನೈಲ್ ನದಿಯ ದಂಡೆಯಲ್ಲಿ ಬೆಳೆಯುವ ಇನ್ನೊಂದು ಗಿಡವನ್ನು ಅದೇ ಕಾಯಿಲೆಗೆ ಬಳಸುತ್ತಿದ್ದರು. ಅದರ ಅರಬಿ ಪುಸ್ತಕಗಳಲ್ಲಿನ ಹೆಸರು ಆತ್ರಿಲಾಲ್.

ಹದಿಮೂರನೇ ಶತಮಾನದ ಇಬ್ನುಲ್ ಬೈತಾರ್ ಅವರ ಹೆಸರನ್ನು ನಿಮ್ಮಲ್ಲಿ ಕೆಲವರು ಕೇಳಿರಬಹುದು. ಅಂದಲೂಸಿಯಾದ ಮಲಗಾದಲ್ಲಿ ಹುಟ್ಟಿ, ಉತ್ತರ ಆಫ್ರಿಕವನ್ನು ಸುತ್ತಿ, 1248ರಲ್ಲಿ ದಮಾಸ್ಕಸ್‌ನಲ್ಲಿ ತೀರಿಕೊಂಡ ಸಸ್ಯಶಾಸ್ತ್ರಜ್ಞರು ಇವರು. ಸುಮಾರು 1400 ಔಷಧ ಮತ್ತು ಆಹಾರ ಪದಾರ್ಥಗಳನ್ನು ವಿವರಿಸುವ ಇವರ ದೊಡ್ಡ ಗ್ರಂಥದಲ್ಲಿ ಆತ್ರಿಲಾಲ್ ಸೇವಿಸಿ ಬಿಸಿಲಿಗೆ ಮೈಯೊಡ್ಡುವ ಚಿಕಿತ್ಸೆಯ ಪ್ರಸ್ತಾಪ ಇದೆ. ಉತ್ತರ ಆಫ್ರಿಕದ ಬರ್ಬರ್ ಜನರ ಒಂದು ಕುಲ ಈ ಔಷಧವನ್ನು ಬಹಳ ಕಾಲ ಗುಟ್ಟಾಗಿ ಇಟ್ಟುಕೊಂಡಿತ್ತಂತೆ. ಗುಟ್ಟಾಗಿದ್ದುದನ್ನು ಬರೆದಿಟ್ಟದ್ದು ದೊಡ್ಡ ಉಪಕಾರ. ಏಕೆಂದರೆ ಏಳು ಶತಮಾನಗಳ ನಂತರ, 1947ರಲ್ಲಿ, ಈಜಿಪ್ಟಿನ ರಸಾಯನ ತಜ್ಞರಾದ ಫಹ್ಮಿ ಮತ್ತು ಅಬು ಶಾದಿ ಆ ಗಿಡದಿಂದಲೇ ಸಾರವನ್ನು ಬೇರ್ಪಡಿಸಿದರು. ಮರುವರ್ಷ ಕೈರೋದ ಚರ್ಮವೈದ್ಯ ಅಬ್ದುಲ್ ಮುನೀಮ್ ಅಲ್ ಮುಫ್ತಿ ಅದನ್ನು ರೋಗಿಗಳ ಮೇಲೆ ಬಳಸಿದ ವರದಿ ಪ್ರಕಟಿಸಿದರು. ಸೋರಲೆನ್ ಎಂದು ಕರೆಯಲಾಗುವ ಈ ಬಗೆಯ ವಸ್ತು ಇಂದಿಗೂ ಚರ್ಮರೋಗ ವಿಭಾಗದಲ್ಲಿ ಬಳಕೆಯಲ್ಲಿದೆ. ಅಷ್ಟೇ ಅಲ್ಲ, ಚರ್ಮದಲ್ಲಿ ಕಾಣಿಸಿಕೊಳ್ಳುವ ಒಂದು ಬಗೆಯ ಲಿಂಫೋಮಾ ಕ್ಯಾನ್ಸರಿಗೆ, ರಕ್ತದ ಬಿಳಿಕಣಗಳನ್ನು ದೇಹದಿಂದ ಹೊರತೆಗೆದು ಸೋರಲೆನ್ ಬೆರೆಸಿ ಅತಿನೇರಳೆ ಬೆಳಕಿಗೆ ಒಡ್ಡಿ ಮರಳಿ ಸೇರಿಸುವ ಚಿಕಿತ್ಸೆಗೆ ಅಮೆರಿಕದಲ್ಲಿ 1988ರಲ್ಲಿ ಮಂಜೂರಾತಿ ಸಿಕ್ಕಿತು.

ಆದರೆ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಸೋರಲೆನ್ ಕೆಲಸ ಮಾಡುವ ರೀತಿ ಬೇರೆ; ಅದು ಜೀವಕೋಶದ ಡಿಎನ್ಎಗೆ ನೇರವಾಗಿ ಅಂಟಿಕೊಳ್ಳುತ್ತದೆ. ನಾವು ಹೇಳಹೊರಟಿರುವ ಬಣ್ಣಗಳ ದಾರಿ ಇನ್ನೊಂದು. ಹಳಬರಿಗೆ ಎಲ್ಲವೂ ತಿಳಿದಿತ್ತು ಎಂದು ಎದೆ ತಟ್ಟಿಕೊಳ್ಳುವ ಅಭ್ಯಾಸ ನಮ್ಮಲ್ಲಿ ಎಲ್ಲ ಸಮುದಾಯಗಳಿಗೂ ಇದೆ. ಅವರಿಗೆ ತಿಳಿದಿದ್ದುದು ಬಿಸಿಲು ಮತ್ತು ಗಿಡ ಎರಡೂ ಬೇಕೆಂಬುದು. ಏಕೆ ಬೇಕೆಂಬುದು ತಿಳಿಯಲು ಮತ್ತೊಂದು ಶಾಸ್ತ್ರ ಹುಟ್ಟಬೇಕಾಗಿತ್ತು.

ಮ್ಯೂನಿಕ್‌ನ ವಿದ್ಯಾರ್ಥಿ

ಆ ಶಾಸ್ತ್ರ ಹುಟ್ಟಿದ್ದು ಬಟ್ಟೆಗೆ ಬಣ್ಣ ಹಾಕುವ ಉದ್ಯಮದಲ್ಲಿ. ಇಂಗ್ಲೆಂಡಿನ ವಿಲಿಯಂ ಪರ್ಕಿನ್ ಎಂಬ ಹದಿನೆಂಟರ ಹುಡುಗ 1856ರಲ್ಲಿ ಕಲ್ಲಿದ್ದಲ ಡಾಂಬರಿನಿಂದ ಸಿಗುವ ಪದಾರ್ಥದಿಂದ ನೇರಳೆ ಬಣ್ಣ ತಯಾರಿಸಿದ. ಆ ಬಳಿಕ ಜರ್ಮನಿಯ ಕಾರ್ಖಾನೆಗಳಿಂದ ಬಣ್ಣಗಳ ಪ್ರವಾಹವೇ ಹರಿಯಿತು. 1871ರಲ್ಲಿ ಅಡೋಲ್ಫ್ ಫಾನ್ ಬೇಯರ್ ಫ್ಲೋರೆಸೀನ್ ತಯಾರಿಸಿದರು. 1874ರಲ್ಲಿ ಹೈನ್‌ರಿಕ್ ಕಾರೊ ಅದರಿಂದ ಇಯೋಸಿನ್ ಎಂಬ ಗುಲಾಬಿ ಬಣ್ಣ ಮಾಡಿದರು. ಮೆಡಿಕಲ್ ಕಾಲೇಜಿನಲ್ಲಿ ಓದುವವರು ಇಯೋಸಿನ್ ಅನ್ನು ದಿನವೂ ನೋಡಿರುತ್ತೀರಿ. ಬಯಾಪ್ಸಿಯ ಸ್ಲೈಡಿನಲ್ಲಿ ಕಾಣುವ ಗುಲಾಬಿ ಬಣ್ಣ ಅದೇ. ಇವುಗಳಲ್ಲಿ ಕೆಲವಕ್ಕೆ ಒಂದು ವಿಶೇಷ ಗುಣವಿತ್ತು. ಒಂದು ಬಣ್ಣದ ಬೆಳಕನ್ನು ಹೀರಿ ಬೇರೊಂದು ಬಣ್ಣದಲ್ಲಿ ಹೊಳೆಯುವುದು. ಇದಕ್ಕೆ ಫ್ಲೋರೆಸೆನ್ಸ್ ಎಂದು 1852ರಲ್ಲಿ ಹೆಸರಿಟ್ಟವರು ಕೇಂಬ್ರಿಜ್‌ನ ಜಾರ್ಜ್ ಸ್ಟೋಕ್ಸ್. ಕನ್ನಡದಲ್ಲಿ ಪ್ರತಿದೀಪ್ತಿ ಎನ್ನುತ್ತಾರೆ.

ಈಗ 1897-98ರ ಚಳಿಗಾಲಕ್ಕೆ ಬನ್ನಿ. ಮ್ಯೂನಿಕ್ ವಿಶ್ವವಿದ್ಯಾಲಯದಲ್ಲಿ ಔಷಧಶಾಸ್ತ್ರದ ಪ್ರೊಫೆಸರ್ ಹೆರ್ಮನ್ ಫಾನ್ ತಾಪೈನರ್. ಅವರ ಕೈಕೆಳಗೆ ಆಸ್ಕರ್ ರಾಬ್ ಎಂಬ ವೈದ್ಯಕೀಯ ವಿದ್ಯಾರ್ಥಿ. ಮಲೇರಿಯಾಕ್ಕೆ ಕಾರಣ ಒಂದು ಏಕಕೋಶ ಜೀವಿ ಎಂಬುದು ಆಗ ತಿಳಿದಿತ್ತು; ಅಂಥ ಏಕಕೋಶ ಜೀವಿಗಳನ್ನು ಯಾವ ರಾಸಾಯನಿಕ ಎಷ್ಟು ಪ್ರಮಾಣದಲ್ಲಿ ಕೊಲ್ಲುತ್ತದೆ ಎಂದು ನೋಡುವುದು ರಾಬ್‌ನ ಕೆಲಸ. ಪರೀಕ್ಷೆಗೆ ಪ್ಯಾರಮೀಸಿಯಂ, ಪಿಯುಸಿಯಲ್ಲಿ ನೀವೆಲ್ಲ ಚಿತ್ರ ಬಿಡಿಸಿದ ಚಪ್ಪಲಿಯಾಕಾರದ ಜೀವಿ. ಬಣ್ಣ ಆಕ್ರಿಡಿನ್.

ಲೆಕ್ಕ ತಾಳೆಯಾಗಲಿಲ್ಲ. ಅದೇ ಆಕ್ರಿಡಿನ್, ಅದೇ ಪ್ರಮಾಣ, ಅದೇ ಪ್ಯಾರಮೀಸಿಯಂ. ಒಂದು ದಿನ ಅವು ಬೇಗನೆ ಸತ್ತವು, ಇನ್ನೊಂದು ದಿನ ಬಹಳ ಹೊತ್ತು ಬದುಕಿದ್ದವು. ಯಾವುದೇ ಪ್ರಯೋಗಶಾಲೆಯಲ್ಲಿ ಹೀಗಾದರೆ ವಿದ್ಯಾರ್ಥಿಗೆ ಬೈಗುಳ ಸಿಗುತ್ತದೆ. ಇಲ್ಲವೇ ವಿದ್ಯಾರ್ಥಿಯೇ ಜಾಣನಾಗಿ ಹೊಂದದ ಅಂಕಿಗಳನ್ನು ಬಿಟ್ಟು ಹೊಂದುವುದನ್ನಷ್ಟೇ ರೆಕಾರ್ಡ್ ಪುಸ್ತಕದಲ್ಲಿ ಬರೆಯುತ್ತಾನೆ. ಅದು ನಮಗೆಲ್ಲ ಗೊತ್ತಿರುವ ವಿದ್ಯೆ. ರಾಬ್ ಹಾಗೆ ಮಾಡಲಿಲ್ಲ. ಎರಡು ದಿನಗಳ ನಡುವೆ ಏನು ವ್ಯತ್ಯಾಸ ಎಂದು ಹುಡುಕಿದ. ಪ್ಯಾರಮೀಸಿಯಂ ಹೆಚ್ಚು ಹೊತ್ತು ಬದುಕಿದ ದಿನ ಗುಡುಗು ಮಿಂಚಿನ ಮಳೆ ಬಂದು ಕೋಣೆ ಕತ್ತಲಾಗಿತ್ತು ಎಂಬುದು ಹೊಳೆಯಿತು. ಹಾಗಾದರೆ ಕಾರಣ ಬೆಳಕೇ ಇರಬಹುದೇ? ಅವನು ಕ್ರಮವಾಗಿ ಪರೀಕ್ಷಿಸಿದ. ಬಣ್ಣವಿಲ್ಲದ ನೀರಿನಲ್ಲಿ ಬೆಳಕಿಗಿಟ್ಟ ಜೀವಿಗಳು ಸಾಯಲಿಲ್ಲ. ಬಣ್ಣ ಬೆರೆಸಿ ಕತ್ತಲಲ್ಲಿಟ್ಟವೂ ಬದುಕಿದವು. ಬಣ್ಣ ಬೆರೆಸಿ ಬೆಳಕಿಗಿಟ್ಟವು ಮಾತ್ರ ಸತ್ತವು. 1900ರಲ್ಲಿ ಇದು ಪ್ರಕಟವಾಯಿತು. ವೈದ್ಯಶಾಸ್ತ್ರದ ಒಂದು ಶಾಖೆಯ ಮೊದಲ ಪ್ರಬಂಧ ಒಬ್ಬ ವಿದ್ಯಾರ್ಥಿಯದು ಎಂಬುದನ್ನು ಮತ್ತೊಮ್ಮೆ ಹೇಳಬೇಕೆನಿಸುತ್ತದೆ.

ತಾಪೈನರ್ ಇದರ ಬೆಲೆಯನ್ನು ಕೂಡಲೇ ಅರಿತರು. ಚರ್ಮವೈದ್ಯ ಯೆಸಿಯೋನೆಕ್ ಜೊತೆಗೂಡಿ 1903ರಲ್ಲಿ ಚರ್ಮದ ಗಡ್ಡೆಗಳಿಗೆ ಇಯೋಸಿನ್ ಹಚ್ಚಿ, ಬಿಸಿಲಿಗೆ ಅಥವಾ ಆರ್ಕ್ ದೀಪಕ್ಕೆ ಒಡ್ಡಿದರು. ಮುಖದ ಚರ್ಮದ ಕ್ಯಾನ್ಸರ್ ಇದ್ದ ಆರು ಮಂದಿಯಲ್ಲಿ ನಾಲ್ವರ ಗಡ್ಡೆ ಪೂರ್ತಿ ಮಾಯವಾಯಿತು, ಒಂದು ವರ್ಷದವರೆಗೆ ಮರುಕಳಿಸಲಿಲ್ಲ ಎಂದು 1905ರಲ್ಲಿ ವರದಿಯಾಯಿತು. ಈ ಕ್ರಿಯೆಗೆ ಆಮ್ಲಜನಕ ಇರಲೇಬೇಕು ಎಂಬುದನ್ನು ತಾಪೈನರ್ ಮತ್ತು ಯೋಡ್ಲ್‌ಬಾವರ್ ತೋರಿಸಿದರು. ಫೋಟೊಡೈನಾಮಿಕ್ ಎಂಬ ಪದವನ್ನು ಟಂಕಿಸಿದವರೂ ಅವರೇ.

ಹಾಗಾದರೆ ಒಳಗೆ ನಡೆಯುವುದೇನು? ಬಣ್ಣದ ಅಣು ಬೆಳಕನ್ನು ಹೀರಿದಾಗ ಅದಕ್ಕೆ ಹೆಚ್ಚುವರಿ ಶಕ್ತಿ ಬರುತ್ತದೆ. ಆ ಶಕ್ತಿಯನ್ನು ಅದು ಹೇಗಾದರೂ ಕಳೆದುಕೊಳ್ಳಬೇಕು. ಒಂದು ದಾರಿ, ಹೊಳೆಯುವುದು. ಇನ್ನೊಂದು ದಾರಿ, ಪಕ್ಕದಲ್ಲಿರುವ ಆಮ್ಲಜನಕಕ್ಕೆ ಶಕ್ತಿಯನ್ನು ದಾಟಿಸುವುದು. ಶಕ್ತಿ ಪಡೆದ ಆ ಆಮ್ಲಜನಕಕ್ಕೆ ಸಿಂಗ್ಲೆಟ್ ಆಕ್ಸಿಜನ್ ಎಂದು ಹೆಸರು. ಅದು ಎದುರಿಗೆ ಸಿಕ್ಕ ಕೊಬ್ಬು, ಪ್ರೋಟೀನುಗಳನ್ನು ಸುಟ್ಟುಬಿಡುತ್ತದೆ. ಅದರ ಆಯುಷ್ಯ ಅತ್ಯಲ್ಪ. ಒಂದು ಜೀವಕೋಶದ ಅಗಲವನ್ನು ದಾಟುವಷ್ಟೂ ಇಲ್ಲ. ಆದ್ದರಿಂದಲೇ ಬಣ್ಣ ಎಲ್ಲಿದೆಯೋ ಅಲ್ಲಿಗಷ್ಟೇ ಹಾನಿ. ಕೊಲ್ಲುವುದು ಪ್ರತಿದೀಪ್ತಿಯೇ ಇರಬೇಕೆಂದು ರಾಬ್ ಊಹಿಸಿದ್ದ. ಆದರೆ ನಿಜಸ್ಥಿತಿ ಬಹುಮಟ್ಟಿಗೆ ತಿರುಗುಮುರುಗು. ಶಕ್ತಿಯನ್ನೆಲ್ಲ ಹೊಳಪಿಗೇ ಖರ್ಚು ಮಾಡುವ ಬಣ್ಣದಲ್ಲಿ ಆಮ್ಲಜನಕಕ್ಕೆ ಕೊಡಲು ಉಳಿಯುವುದು ಕಡಿಮೆ. ಹೀಗಾಗಿ ಕಣ್ಣು ಕುಕ್ಕುವಂತೆ ಹೊಳೆಯುವ ಫ್ಲೋರೆಸೀನ್ ಕೊಲ್ಲುವ ಕೆಲಸದಲ್ಲಿ ದುರ್ಬಲ. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ವಿಷವೆಂದು ಗೊತ್ತಿತ್ತು, ಮದ್ದೆಂದು ಗೊತ್ತಿರಲಿಲ್ಲ

ತಾಪೈನರ್ ಅವರ ಕೆಲಸ ಮುಂದುವರಿಯಬೇಕಾಗಿತ್ತು. ಮುಂದುವರಿಯಲಿಲ್ಲ. 1895ರಲ್ಲಿ ಎಕ್ಸ್-ರೇ, 1898ರಲ್ಲಿ ರೇಡಿಯಂ ಪತ್ತೆಯಾಗಿದ್ದವು. ಇವು ದೇಹದ ಆಳಕ್ಕೂ ಹೋಗಬಲ್ಲ ಕಿರಣಗಳು. ಕ್ಯಾನ್ಸರ್ ವೈದ್ಯರ ಕಣ್ಣೆಲ್ಲ ಅತ್ತ ನೆಟ್ಟಿತು. ಚರ್ಮದ ಮೇಲೆ ಬಣ್ಣ ಬಳಿದು ಬಿಸಿಲಿಗೆ ಕೂರಿಸುವ ವಿಧಾನ ಅದರ ಮುಂದೆ ಹಳ್ಳಿ ಮದ್ದಿನಂತೆ ಕಂಡಿರಬೇಕು. ಬೆಳಕಿನ ಚಿಕಿತ್ಸೆಗೆ ಗೌರವ ಇರಲಿಲ್ಲವೆಂದಲ್ಲ. ಚರ್ಮದ ಕ್ಷಯಕ್ಕೆ ಬೆಳಕಿನಿಂದ ಚಿಕಿತ್ಸೆ ಮಾಡಿದ ಡೆನ್ಮಾರ್ಕಿನ ನೀಲ್ಸ್ ಫಿನ್ಸೆನ್‌ಗೆ 1903ರಲ್ಲಿ ನೊಬೆಲ್ ಪ್ರಶಸ್ತಿಯೇ ಬಂದಿತ್ತು. ಆದರೆ ಬಣ್ಣ ಮತ್ತು ಬೆಳಕು ಜೊತೆಯಾಗಿ ಕ್ಯಾನ್ಸರಿಗೆ ಮದ್ದಾಗುವ ವಿಚಾರ ಮೂಲೆಗೆ ಸರಿಯಿತು.

ಈ ನಡುವೆ ಇನ್ನೊಂದು ಬಣ್ಣ ರಂಗಕ್ಕೆ ಬಂದಿತ್ತು. ರಕ್ತದ ಹಿಮೋಗ್ಲೋಬಿನ್‌ನಿಂದ ಕಬ್ಬಿಣವನ್ನು ತೆಗೆದರೆ ಉಳಿಯುವ ಕೆನ್ನೇರಳೆ ವಸ್ತು ಹಿಮಟೊಪಾರ್ಫಿರಿನ್. ಎಲೆಯ ಹಸಿರೂ ಇದೇ ಕುಟುಂಬದ್ದು. ವಿಯೆನ್ನಾದ ವಾಲ್ಟರ್ ಹೌಸ್‌ಮನ್ ಇದನ್ನು ಇಲಿಗಳಿಗೆ ಚುಚ್ಚಿದಾಗ ಬೆಳಕಿನಲ್ಲಿದ್ದವು ಸತ್ತವು, ಕತ್ತಲಲ್ಲಿದ್ದವು ಬದುಕಿದವು. ಮನುಷ್ಯನಿಗೆ ಏನಾಗುತ್ತದೆ? ಜರ್ಮನಿಯ ವೈದ್ಯ ಫ್ರೀಡ್ರಿಕ್ ಮೇಯರ್-ಬೆಟ್ಸ್ 1912ರ ಅಕ್ಟೋಬರಿನಲ್ಲಿ 200 ಮಿಲಿಗ್ರಾಂ ಹಿಮಟೊಪಾರ್ಫಿರಿನ್ ಅನ್ನು ತನಗೇ ಚುಚ್ಚಿಕೊಂಡ. ಕತ್ತಲಲ್ಲಿ ಏನೂ ಆಗಲಿಲ್ಲ. ಬಿಸಿಲಿಗೆ ಹೊರಟಾಗ ಬೆಳಕು ಬಿದ್ದ ಮುಖ, ಕೈಗಳು ಗುರುತು ಸಿಗದಂತೆ ಬಾತುಕೊಂಡವು, ವಿಪರೀತ ನೋವು. ಬಟ್ಟೆಯೊಳಗಿನ ಮೈಗೆ ಏನೂ ಆಗಿರಲಿಲ್ಲ. ಸುಮಾರು ಎರಡು ತಿಂಗಳ ಮಟ್ಟಿಗೆ ಆತ ಬೆಳಕಿಗೆ ಹೆದರಿ ಬದುಕಬೇಕಾಯಿತು. ಬಾತ ಮುಖದ ಫೋಟೊವನ್ನೂ ಪ್ರಬಂಧದೊಡನೆ ಅಚ್ಚು ಹಾಕಿಸಿದ. ಇಂದಿನ ನೈತಿಕ ಸಮಿತಿಗಳು ಇಂಥ ಸಾಹಸಕ್ಕೆ ಅನುಮತಿ ಕೊಡಲಾರವು, ಕೊಡಲೂಬಾರದು. ಆದರೆ ಈ ಔಷಧ ಪಡೆದ ರೋಗಿಯನ್ನು ಬೆಳಕಿನಿಂದ ಎಷ್ಟು ದಿನ ಕಾಪಾಡಬೇಕು ಎಂಬ ಪಾಠ ಮೊದಲು ದೊರೆತದ್ದು ಅವನ ಮುಖದಿಂದಲೇ.

ಓದುಗರು ಇಲ್ಲಿ ಒಂದು ಸಂಗತಿ ಗಮನಿಸಬೇಕು. ಬಣ್ಣ ಮತ್ತು ಬೆಳಕು ಸೇರಿದರೆ ಹಾನಿಯಾಗುತ್ತದೆ ಎಂಬುದು ಮರೆತುಹೋಗಲಿಲ್ಲ. ಚರ್ಮವೈದ್ಯರು ಅದನ್ನು ಅಡ್ಡಪರಿಣಾಮವೆಂದು, ಪಾರ್ಫಿರಿಯ ಎಂಬ ಕಾಯಿಲೆಯ ಲಕ್ಷಣವೆಂದು ಬಲ್ಲವರಾಗಿದ್ದರು. ಮರೆತುಹೋದದ್ದು ಅದನ್ನು ಬೇಕಾದ ಕಡೆ ಮಾತ್ರ ಪ್ರಯೋಗಿಸಿ ಗುಣಪಡಿಸಬಹುದೆಂಬ ವಿಚಾರ.

1924ರಲ್ಲಿ ಫ್ರಾನ್ಸಿನ ಲಿಯಾನ್ ನಗರದ ಆಲ್ಬೇರ್ ಪೋಲಿಕಾರ್ ಅತಿನೇರಳೆ ದೀಪದಡಿಯಲ್ಲಿ ಇಲಿಯ ಗಡ್ಡೆಯೊಂದು ತಾನಾಗಿಯೇ ಕೆಂಪಾಗಿ ಹೊಳೆಯುವುದನ್ನು ಕಂಡರು. ಗಡ್ಡೆಯಲ್ಲಿ ಪಾರ್ಫಿರಿನ್ ಶೇಖರವಾಗಿತ್ತು. 1948ರಲ್ಲಿ ಬಾಲ್ಟಿಮೋರ್‌ನ ಫ್ರಾಂಕ್ ಫಿಗಿ ಮತ್ತು ಸಂಗಡಿಗರು, ಹೊರಗಿನಿಂದ ಚುಚ್ಚಿದ ಪಾರ್ಫಿರಿನ್ ಕೂಡ ಗಡ್ಡೆಗಳಲ್ಲಿ ನಿಲ್ಲುತ್ತದೆಂದು ತೋರಿಸಿದರು. ಅದೇ ಹೊತ್ತಿಗೆ ಮಿನೆಸೋಟದ ಜಾರ್ಜ್ ಮೂರ್ ಎಂಬ ಶಸ್ತ್ರವೈದ್ಯರು ಫ್ಲೋರೆಸೀನ್ ಚುಚ್ಚಿ ಮೆದುಳಿನ ಗಡ್ಡೆಯ ಗಡಿ ಗುರುತಿಸಲು ಯತ್ನಿಸುತ್ತಿದ್ದರು. ಇವರೆಲ್ಲರ ಕೈಯಲ್ಲಿ ಬಣ್ಣವಿತ್ತು, ದೀಪವೂ ಇತ್ತು. ಆದರೆ ಅವರು ಗಡ್ಡೆಯನ್ನು ನೋಡಲು ಬೆಳಕು ಹಿಡಿದರೇ ಹೊರತು ಕೊಲ್ಲಲು ಹಿಡಿಯಲಿಲ್ಲ. ಒಂದು ಹೆಜ್ಜೆ ಮಾತ್ರ ಬಾಕಿ ಇತ್ತು ಎಂದು ಇಂದು ನಮಗೆ ಅನಿಸುತ್ತದೆ. ಕುಳಿತು ಓದುವವರಿಗೆ ಹಾಗನಿಸುವುದು ಸುಲಭ.

ಇನ್ನೊಂದು ದೊಡ್ಡ ಅಡಚಣೆ ಶುದ್ಧತೆಯದು. 1955ರ ಸುಮಾರಿಗೆ ಮಿನೆಸೋಟದ ಸ್ಯಾಮುಯೆಲ್ ಶ್ವಾರ್ಟ್ಸ್, ಅಂಗಡಿಯಲ್ಲಿ ಸಿಗುವ ಹಿಮಟೊಪಾರ್ಫಿರಿನ್ ಹಲವು ವಸ್ತುಗಳ ಕಲಸುಮೇಲೋಗರ ಎಂಬುದನ್ನು ಕಂಡುಕೊಂಡರು. ವಿಚಿತ್ರವೆಂದರೆ, ಅದನ್ನು ಶುದ್ಧ ಮಾಡಿದಷ್ಟೂ ಗಡ್ಡೆಯಲ್ಲಿ ನಿಲ್ಲುವ ಗುಣ ಕಡಿಮೆಯಾಯಿತು. ಕೆಲಸ ಮಾಡುತ್ತಿದ್ದುದು ಕಲ್ಮಶವೆಂದು ತಿಳಿದಿದ್ದ ಭಾಗ! ಅದನ್ನು ಆಮ್ಲಗಳಿಂದ ಸಂಸ್ಕರಿಸಿ ಪಡೆದ ಹೊಸ ಮಿಶ್ರಣಕ್ಕೆ ಹಿಮಟೊಪಾರ್ಫಿರಿನ್ ಡಿರೈವೆಟಿವ್, ಚುಟುಕಾಗಿ ಎಚ್‌ಪಿಡಿ ಎಂದು ಹೆಸರಾಯಿತು. ಮೇಯೊ ಕ್ಲಿನಿಕ್‌ನ ರಿಚರ್ಡ್ ಲಿಪ್ಸನ್ 1960ರ ದಶಕದ ಆರಂಭದಲ್ಲಿ ಅದನ್ನು ಗಡ್ಡೆ ಪತ್ತೆಗೆ ಬಳಸಿದರು. 1966ರಲ್ಲಿ ಮರುಕಳಿಸಿದ ಸ್ತನ ಕ್ಯಾನ್ಸರಿನ ಒಬ್ಬ ರೋಗಿಗೆ ಚಿಕಿತ್ಸೆಯನ್ನೂ ಮಾಡಿದರು. ಅದೂ ಅಲ್ಲಿಗೇ ನಿಂತಿತು.

ಡಾಹರ್ಟಿ ಪುಸ್ತಕಾಲಯಕ್ಕೆ ಹೋದದ್ದು

ಅಮೆರಿಕದ ಬಫಲೊ ನಗರದಲ್ಲಿ ರಾಸ್ವೆಲ್ ಪಾರ್ಕ್ ಎಂಬ ಹಳೆಯ ಕ್ಯಾನ್ಸರ್ ಸಂಸ್ಥೆ ಇದೆ. ಮೆದುಳಿಗೆ ಫ್ಲೋರೆಸೀನ್ ಬಳಸಿದ ಜಾರ್ಜ್ ಮೂರ್ ಮುಂದೆ ಇದರ ನಿರ್ದೇಶಕರಾಗಿದ್ದರು. ಅವರ ಅವಧಿ ಮುಗಿದ ಮೇಲೆ, 1970ರಲ್ಲಿ, ಥಾಮಸ್ ಡಾಹರ್ಟಿ ಇಲ್ಲಿಗೆ ಬಂದರು. ಇವರು ವೈದ್ಯರಲ್ಲ, ಡ್ಯುಪಾಂಟ್ ಕಂಪನಿಯಲ್ಲಿ ಕೆಲಸ ಮಾಡಿದ್ದ ರಸಾಯನ ವಿಜ್ಞಾನಿ. ಜೀವಕೋಶಗಳು ಬದುಕಿವೆಯೇ ಎಂದು ನೋಡಲು ಆಗ ಒಂದು ಸುಲಭ ಪರೀಕ್ಷೆ ಇತ್ತು. ಫ್ಲೋರೆಸೀನ್ ಡೈಅಸಿಟೇಟ್ ಎಂಬ ಬಣ್ಣವಿಲ್ಲದ ವಸ್ತುವನ್ನು ಹಾಕಿದರೆ, ಬದುಕಿರುವ ಕೋಶ ಅದನ್ನು ಫ್ಲೋರೆಸೀನ್ ಆಗಿ ಮಾರ್ಪಡಿಸಿ ಹಸಿರಾಗಿ ಹೊಳೆಯುತ್ತದೆ. ಸತ್ತ ಕೋಶ ಹೊಳೆಯುವುದಿಲ್ಲ. ಆದರೆ ಹೀಗೆ ಹೊಳೆದ ಕೋಶಗಳನ್ನು ಬೆಳಕಿನಲ್ಲೇ ಬಿಟ್ಟರೆ ಅವೂ ಸಾಯುತ್ತಿದ್ದವು. ಬದುಕಿದೆ ಎಂದು ಸಾಕ್ಷಿ ಹೇಳಬೇಕಾದ ಬಣ್ಣವೇ ಕೊಲ್ಲುತ್ತಿತ್ತು.

ಡಾಹರ್ಟಿಗೆ ಇದು ಹೊಸ ಸಂಗತಿಯೆನಿಸಿತು. ಹಳೆಯ ಸಂಚಿಕೆಗಳನ್ನು ತೆಗೆದು ನೋಡಿದಾಗ, ಎಪ್ಪತ್ತು ವರ್ಷಗಳ ಹಿಂದೆಯೇ ಮ್ಯೂನಿಕ್‌ನಲ್ಲಿ ಇದು ಅಚ್ಚಾಗಿರುವುದು ಕಂಡಿತು. ಬೇರೆಯವರಾದರೆ ನಿರಾಶೆಯಿಂದ ಕೈಬಿಡುತ್ತಿದ್ದರೋ ಏನೋ. ಇವರು ರಾಬ್ ಮತ್ತು ತಾಪೈನರ್ ಬಿಟ್ಟಲ್ಲಿಂದ ಎತ್ತಿಕೊಂಡರು. 1974ರಲ್ಲಿ ಫ್ಲೋರೆಸೀನ್ ಮತ್ತು ಬೆಳಕಿನಿಂದ ಇಲಿಯ ಗಡ್ಡೆಯ ಬೆಳವಣಿಗೆ ನಿಧಾನವಾಯಿತೆಂದು ವರದಿ ಮಾಡಿದರು. ನಿಧಾನವಾಯಿತು, ಗುಣವಾಗಲಿಲ್ಲ. ಕಾರಣ ನಿಮಗೆ ಈಗಾಗಲೇ ಗೊತ್ತು: ಫ್ಲೋರೆಸೀನ್ ಶಕ್ತಿಯನ್ನೆಲ್ಲ ಹೊಳಪಿಗೆ ಖರ್ಚು ಮಾಡುತ್ತದೆ, ಮೇಲಾಗಿ ಅದು ಹೀರುವುದು ನೀಲಿ ಬೆಳಕನ್ನು, ನೀಲಿ ಬೆಳಕು ಅಂಗೈಯನ್ನೂ ದಾಟದು. ಕೆಂಪು ಬೆಳಕನ್ನು ಹೀರುವ, ಹೊಳಪು ಕಡಿಮೆಯಿರುವ, ಗಡ್ಡೆಯಲ್ಲಿ ನಿಲ್ಲುವ ಬಣ್ಣ ಬೇಕಿತ್ತು. ಅದು ಶ್ವಾರ್ಟ್ಸ್ ಮತ್ತು ಲಿಪ್ಸನ್ ಅವರ ಪ್ರಬಂಧಗಳಲ್ಲಿ ಕಾಯುತ್ತಿತ್ತು. 1975ರಲ್ಲಿ ಎಚ್‌ಪಿಡಿ ಮತ್ತು ಕೆಂಪು ಬೆಳಕಿನಿಂದ ಇಲಿಗಳ ಗಡ್ಡೆಗಳು ಸಂಪೂರ್ಣ ಗುಣವಾದವು. ಮರುವರ್ಷ, ಕೊಲ್ಲುವ ವಸ್ತು ಸಿಂಗ್ಲೆಟ್ ಆಕ್ಸಿಜನ್ ಎಂಬುದನ್ನು ಅವರ ತಂಡ ಗುರುತಿಸಿತು. ಅದೇ 1976ರಲ್ಲಿ ಲಂಡನ್ನಿನ ಕೆಲಿ ಮತ್ತು ಸ್ನೆಲ್ ಮೂತ್ರಕೋಶದ ಕ್ಯಾನ್ಸರಿಗೆ ಈ ಚಿಕಿತ್ಸೆ ಮಾಡಿದರು. 1978ರಲ್ಲಿ ಡಾಹರ್ಟಿ 25 ರೋಗಿಗಳ 113 ಗಡ್ಡೆಗಳ ಫಲಿತಾಂಶ ಪ್ರಕಟಿಸಿದರು. 111 ಗಡ್ಡೆಗಳು ಪೂರ್ತಿಯಾಗಿ ಅಥವಾ ಭಾಗಶಃ ಕರಗಿದ್ದವು.

ಅಷ್ಟರಲ್ಲಿ ಬೆಳಕಿನ ಉಪಕರಣಗಳೂ ಬದಲಾಗಿದ್ದವು. ತಾಪೈನರ್‌ಗೆ ಸಿಕ್ಕಿದ್ದು ಬಿಸಿಲು ಮತ್ತು ಆರ್ಕ್ ದೀಪ. ಈಗ ಲೇಸರ್ ಇತ್ತು, ಕೂದಲೆಳೆಯಂಥ ಗಾಜಿನ ತಂತು ಇತ್ತು. 1980ರಲ್ಲಿ ಟೋಕಿಯೊದ ಯೋಶಿಹಿರೊ ಹಯಾತಾ ಶ್ವಾಸನಾಳದ ಕೊಳವೆಯ ಮೂಲಕ ಅಂಥ ತಂತುವನ್ನು ಇಳಿಸಿ ಶ್ವಾಸಕೋಶದ ಕ್ಯಾನ್ಸರಿಗೆ ಬೆಳಕು ಹಾಯಿಸಿದರು. ಚರ್ಮದ ಹೊರಗಷ್ಟೇ ಇದ್ದ ಚಿಕಿತ್ಸೆ ದೇಹದೊಳಕ್ಕೆ ಹೋಯಿತು. ಎಚ್‌ಪಿಡಿಯನ್ನು ಇನ್ನಷ್ಟು ಸಂಸ್ಕರಿಸಿದ ಔಷಧ ಫೋಟೊಫ್ರಿನ್. 1993ರಲ್ಲಿ ಕೆನಡಾ ಮೂತ್ರಕೋಶದ ಕ್ಯಾನ್ಸರಿಗೆ, 1995ರಲ್ಲಿ ಅಮೆರಿಕ ಅನ್ನನಾಳವನ್ನು ಮುಚ್ಚಿದ ಕ್ಯಾನ್ಸರಿಗೆ, 1998ರಲ್ಲಿ ಶ್ವಾಸಕೋಶದ ಆರಂಭಿಕ ಕ್ಯಾನ್ಸರಿಗೆ ಅದನ್ನು ಒಪ್ಪಿದವು. ಡಾಹರ್ಟಿ 2018ರಲ್ಲಿ ನಿಧನರಾದರು.

ಏನನ್ನು ಮಾಡದು

ಮಿತ್ರರೇ, ಕ್ಯಾನ್ಸರ್ ಎಂದ ಕೂಡಲೇ ನೊಂದ ಮನೆಯವರು ಹುಲ್ಲುಕಡ್ಡಿಗೂ ಆತುಕೊಳ್ಳುತ್ತಾರೆ. ಆದ್ದರಿಂದ ಈ ಚಿಕಿತ್ಸೆಯ ಮಿತಿಯನ್ನು ಹೇಳದೆ ಅದರ ಇತಿಹಾಸವನ್ನಷ್ಟೇ ಹೇಳುವುದು ಸರಿಯಲ್ಲ. ಫೋಟೊಫ್ರಿನ್‌ಗೆ ಬಳಸುವ 630 ನ್ಯಾನೊಮೀಟರ್ ಕೆಂಪು ಬೆಳಕು ಮಾಂಸದಲ್ಲಿ ಸುಮಾರು ಒಂದು ಸೆಂಟಿಮೀಟರ್ ಆಳಕ್ಕೆ ಮಾತ್ರ ಪರಿಣಾಮಕಾರಿ. ದೊಡ್ಡ ಗಡ್ಡೆಯ ತಳಕ್ಕೆ ಅದು ಮುಟ್ಟದು. ದೇಹದ ಹಲವೆಡೆ ಹಬ್ಬಿದ ಕ್ಯಾನ್ಸರಿಗೆ ಇದು ಮದ್ದಲ್ಲ. ಔಷಧ ಚುಚ್ಚಿ 40ರಿಂದ 50 ಗಂಟೆ ಕಾದು ಬೆಳಕು ಹಾಯಿಸಬೇಕು. ನಂತರ ಕನಿಷ್ಠ 30 ದಿನ ರೋಗಿ ಬಿಸಿಲಿಗೂ ಪ್ರಖರ ದೀಪಕ್ಕೂ ಮೈಯೊಡ್ಡಬಾರದು. ಮೇಯರ್-ಬೆಟ್ಸ್‌ನ ಮುಖ ನೆನಪಿಸಿಕೊಳ್ಳಿ. ನಮ್ಮಂಥ ಬಿಸಿಲಿನ ನಾಡಿನಲ್ಲಿ ದಿನಗೂಲಿಯವನಿಗೆ, ಬೀದಿಯಲ್ಲಿ ವ್ಯಾಪಾರ ಮಾಡುವವನಿಗೆ ಇದೇನು ಸಣ್ಣ ಷರತ್ತಲ್ಲ. ಬಿಸಿಲಿಗೆ ಕುಳಿತರೆ ಕ್ಯಾನ್ಸರ್ ಗುಣವಾಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅತಿಯಾದ ಬಿಸಿಲು ಚರ್ಮದ ಕ್ಯಾನ್ಸರಿಗೆ ಕಾರಣವಾಗುತ್ತದೆ.

ಈ ತೊಂದರೆಗೆ ಒಂದು ಜಾಣ ಉಪಾಯ ಕೆನಡಾದ ಕಿಂಗ್‌ಸ್ಟನ್‌ನಿಂದ ಬಂತು. 1990ರಲ್ಲಿ ಕೆನೆಡಿ ಮತ್ತು ಪಾಟಿಯರ್ ಎಂಬವರು ಬಣ್ಣದ ಬದಲು ಬಣ್ಣದ ಕಚ್ಚಾ ಸಾಮಗ್ರಿಯನ್ನೇ ಕೊಟ್ಟರು. ಅಮಿನೊಲೆವುಲಿನಿಕ್ ಆಮ್ಲ, ಅಂದರೆ ಎಎಲ್‌ಎ. ಇದಕ್ಕೆ ಬಣ್ಣವಿಲ್ಲ. ನಮ್ಮ ಜೀವಕೋಶಗಳು ರಕ್ತದ ಹೀಮ್ ತಯಾರಿಸುವ ದಾರಿಯಲ್ಲಿ ಇದನ್ನು ಪಾರ್ಫಿರಿನ್ ಮಾಡಿಕೊಳ್ಳುತ್ತವೆ. ಕ್ಯಾನ್ಸರ್ ಕೋಶಗಳಲ್ಲಿ ಅದು ಹೆಚ್ಚಾಗಿ ಉಳಿಯುತ್ತದೆ, ಒಂದೆರಡು ದಿನಗಳಲ್ಲಿ ಹೊರಟೂ ಹೋಗುತ್ತದೆ. ಇದೇ ಎಎಲ್‌ಎ ಕುಡಿಸಿ, ನೀಲಿ ಬೆಳಕಿನಲ್ಲಿ ಕೆಂಪಾಗಿ ಹೊಳೆಯುವ ಮೆದುಳಿನ ಗಡ್ಡೆಯನ್ನು ನೋಡುತ್ತಾ ಕತ್ತರಿಸುವ ವಿಧಾನವನ್ನು ಜರ್ಮನಿಯ ವಾಲ್ಟರ್ ಸ್ಟುಮರ್ ತಂಡ 2006ರಲ್ಲಿ ಪರೀಕ್ಷಿಸಿ ಪ್ರಕಟಿಸಿತು. ಆರು ತಿಂಗಳಾದಾಗ ಗಡ್ಡೆ ಮತ್ತೆ ಬೆಳೆಯದೆ ಇದ್ದವರು ಈ ಗುಂಪಿನಲ್ಲಿ ನೂರಕ್ಕೆ 41, ಸಾಮಾನ್ಯ ಶಸ್ತ್ರಚಿಕಿತ್ಸೆಯ ಗುಂಪಿನಲ್ಲಿ 21. ಜಪಾನಿನಲ್ಲಿ 2020ರಲ್ಲಿ ತಲೆ-ಕುತ್ತಿಗೆ ಕ್ಯಾನ್ಸರಿಗೆ ಷರತ್ತುಬದ್ಧ ಮಂಜೂರಾತಿ ಪಡೆದ ಇನ್ನೊಂದು ಔಷಧದಲ್ಲಿ ಬಣ್ಣವನ್ನು ಆಂಟಿಬಾಡಿಗೆ ಕಟ್ಟಿ ಕ್ಯಾನ್ಸರ್ ಕೋಶದ ಬಾಗಿಲಿಗೇ ಕಳುಹಿಸುತ್ತಾರೆ.

ನಮ್ಮ ದೇಶದ ದೊಡ್ಡ ಸಂಕಟ ಬಾಯಿಯ ಕ್ಯಾನ್ಸರ್. ಹೊಗೆಸೊಪ್ಪು, ಗುಟ್ಕಾ, ಅಡಿಕೆ ಇದರ ಮುಖ್ಯ ಕಾರಣಗಳು. ಬಾಯಿಯೊಳಗಿನ ಆರಂಭದ ಹುಣ್ಣು ತೆಳುವಾಗಿರುತ್ತದೆ, ಬೆಳಕು ಅಲ್ಲಿಗೆ ತಲುಪುತ್ತದೆ; ಆದ್ದರಿಂದ ಈ ಚಿಕಿತ್ಸೆಗೆ ಅದು ತಕ್ಕ ಜಾಗ. ಅಡ್ಡಿಯಾಗಿದ್ದುದು ಲೇಸರಿನ ಬೆಲೆ ಮತ್ತು ಕೈಕೊಡುವ ಕರೆಂಟು. ಹಾರ್ವರ್ಡ್ ವೈದ್ಯಕೀಯ ಶಾಲೆಯ ಪ್ರೊಫೆಸರ್ ತಯ್ಯಬಾ ಹಸನ್ ಈ ಕ್ಷೇತ್ರದ ಹಿರಿಯರಲ್ಲಿ ಒಬ್ಬರು. ಕಣ್ಣಿನ ಅಕ್ಷಿಪಟಲದ ಕಾಯಿಲೆಗೆ 2000ದಲ್ಲಿ ಮಂಜೂರಾದ ವಿಸುಡೈನ್ ಚಿಕಿತ್ಸೆಯ ಸಂಶೋಧಕರಲ್ಲಿ ಅವರ ಹೆಸರೂ ಇದೆ. ಅವರು, ಬಾಸ್ಟನ್‌ನ ಭೌತವಿಜ್ಞಾನಿ ಜೊನಾಥನ್ ಸೆಲಿ ಮತ್ತು ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯದ ಜವಾಹರಲಾಲ್ ನೆಹರೂ ಮೆಡಿಕಲ್ ಕಾಲೇಜಿನ ವೈದ್ಯರು ಸೇರಿ ಲೇಸರ್ ಬದಲು ಬ್ಯಾಟರಿಯಿಂದ ಉರಿಯುವ ಅಗ್ಗದ ಎಲ್‌ಇಡಿ ದೀಪವನ್ನು ಸಿದ್ಧಪಡಿಸಿದರು. ದವಡೆಯ ಒಳಗೆ ಹೊಂದಿ ಕೂರುವಂತೆ ಅದರ ತುದಿಯನ್ನು ತ್ರೀಡಿ ಪ್ರಿಂಟರಿನಲ್ಲಿ ಮಾಡಿಸಿದರು. ಔಷಧ ಎಎಲ್‌ಎ. ಅಲಿಗಢದಲ್ಲಿ ಆರಂಭಿಕ ಹಂತದ ಬಾಯಿ ಕ್ಯಾನ್ಸರ್ ಇದ್ದ ಸುಮಾರು 30 ರೋಗಿಗಳ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 2022ರಲ್ಲಿ ಪ್ರಕಟವಾಯಿತು. ಬಹುಪಾಲು ರೋಗಿಗಳಲ್ಲಿ ಗಡ್ಡೆ ಕರಗಿತ್ತು. ಸಣ್ಣ ಪರೀಕ್ಷೆ; ಶಸ್ತ್ರಚಿಕಿತ್ಸೆಗೆ ಇದು ಸಮವೇ ಎಂದು ಹೇಳಬೇಕಾದರೆ ಇದಕ್ಕಿಂತ ಬಹಳ ದೊಡ್ಡ ಪರೀಕ್ಷೆಗಳು ನಡೆಯಬೇಕು.

ಈ ತಂಡ ಗಡ್ಡೆಯ ಹೊಳಪನ್ನು ನೋಡಲು ದುಬಾರಿ ಕ್ಯಾಮರಾದ ಬದಲು ಮೊಬೈಲ್ ಫೋನನ್ನೇ ಅಳವಡಿಸಿಕೊಂಡಿತು. ನೀಲಿ ಬೆಳಕು ಬಿಟ್ಟಾಗ ಹುಣ್ಣಿನ ಜಾಗ ಕೆಂಪಾಗಿ ಹೊಳೆದರೆ ಬಣ್ಣ ಅಲ್ಲಿ ಸೇರಿದೆ ಎಂದರ್ಥ. ಆಗ ಕೆಂಪು ದೀಪವನ್ನು ಒಳಗಿಡುತ್ತಾರೆ. ಬೆಳಕು ಬಿದ್ದಂತೆಲ್ಲ ಬಣ್ಣ ಖರ್ಚಾಗುತ್ತದೆ, ಹೊಳಪು ಕುಂದುತ್ತದೆ. ಎಷ್ಟು ಕುಂದಿತು ಎಂಬುದನ್ನು ಫೋನಿನ ಚಿತ್ರದಲ್ಲಿ ನೋಡಿ, ಬಣ್ಣ ತನ್ನ ಕೆಲಸ ಮಾಡಿದೆಯೇ ಎಂದು ವೈದ್ಯರು ಅಂದಾಜು ಮಾಡುತ್ತಾರೆ.